ಆಬಕಾರಿಯಿಂದ ಆಪ್ತಸಮಾಲೋಚನೆಯವರೆಗೆ: ಆಳಂದ, ಅಫಜಲಪುರ, ಜೇವರ್ಗಿ

ಕುಡಿತದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸರ್ಕಾರದ ವರಮಾನದ ಲೆಕ್ಕದಿಂದಲೇ ತೊಡಗುತ್ತಾರೆ. ಅದು ಸಹಜವೇ ಸರಿ; ಕಾಗದಪತ್ರಗಳನ್ನು ಉಳಿಸಿದ್ದು ಆಬಕಾರಿ ಇಲಾಖೆಯೇ ಹೊರತು ಕುಡುಕನ ಮನೆಯಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳನ್ನು ಕುರಿತು ನಾವು ಕೇಳುವ ಪ್ರಶ್ನೆ ಬೇರೆ. ಮದ್ಯವನ್ನು ಅಳೆಯುವುದಕ್ಕೂ ತಡೆಯುವುದಕ್ಕೂ ಕಾಲಕಾಲಕ್ಕೆ ನೌಕರರನ್ನು ನೇಮಿಸಿದ ರಾಜ್ಯವು, ವ್ಯಸನಕ್ಕೆ ಸಿಕ್ಕವನೊಡನೆ ಕುಳಿತು ಮಾತನಾಡಬಲ್ಲವರನ್ನು ಸಿದ್ಧಗೊಳಿಸಲು ಏಕೆ ಇಷ್ಟು ತಡಮಾಡಿತು?

ನಿಜಾಮರ ಆಳ್ವಿಕೆಯಲ್ಲಿ ಆಬಕಾರಿಯು ಹೈದರಾಬಾದು ಸಂಸ್ಥಾನದ ಮುಖ್ಯ ಆದಾಯಗಳಲ್ಲೊಂದಾಗಿತ್ತು. ಶಿಂದಿಯನ್ನು ಇಳಿಸಿ ಮಾರುವ ಹಕ್ಕನ್ನು ಗುತ್ತೆಗೆ ಕೊಡುತ್ತಿದ್ದರು. ಗುತ್ತೇದಾರರೆಂಬ ಮನೆತನದ ಹೆಸರು ಈ ಸೀಮೆಯಲ್ಲಿ ಇಂದಿಗೂ ಉಳಿದಿದೆ. ೧೯೪೭-೪೮ರ ಹೋರಾಟದಲ್ಲಿ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ಸಿನವರು ಶಿಂದಿ ಮರಗಳನ್ನು ಕಡಿದುರುಳಿಸಿದರು. ನಿಜಾಮರ ಬೊಕ್ಕಸಕ್ಕೆ ಪೆಟ್ಟು ಕೊಡುವುದು ಅದರ ಗುರಿ. ಕುಡಿಯುವವನ ಗತಿ ಏನೆಂದು ವಿಚಾರಿಸುವಷ್ಟು ಬಿಡುವು ಆ ದಿನಗಳಲ್ಲಿ ಇರಲಿಲ್ಲವೆಂಬುದನ್ನು ಒಪ್ಪಬೇಕು.

ಅನಂತರದ ಘಟ್ಟ ಇನ್ನೂ ವಿಚಿತ್ರವಾದುದು. ಮುಂಬಯಿ ಪ್ರಾಂತದಲ್ಲಿ ೧೯೪೯ರ ಕಾಯಿದೆಯ ಮೇರೆಗೆ ೧೯೫೦ರಿಂದ ಪೂರ್ಣ ಪಾನನಿರೋಧ ಜಾರಿಗೆ ಬಂತು. ಆಳಂದದ ಗಡಿಯಾಚೆಯ ಅಕ್ಕಲಕೋಟೆ, ಅಫಜಲಪುರಕ್ಕೆ ಭೀಮೆಯಾಚೆಗಿನ ಇಂಡಿ, ಜೇವರ್ಗಿಗೆ ಹೊಂದಿದ ಸಿಂದಗಿ ಇವೆಲ್ಲ ಒಣಸೀಮೆಗಳಾದುವು; ಈಚೆಗಿನ ಮೂರು ತಾಲ್ಲೂಕುಗಳಲ್ಲಿ ಶಿಂದಿಖಾನೆ ತೆರೆದೇ ಇತ್ತು. ೧೯೫೬ರ ನವೆಂಬರ್ ೧ರಂದು ಬಿಜಾಪುರ, ಗುಲ್ಬರ್ಗ ಎರಡೂ ಜಿಲ್ಲೆಗಳು ಒಂದೇ ಮೈಸೂರು ರಾಜ್ಯಕ್ಕೆ ಸೇರಿದರೂ ಕಾನೂನು ಮಾತ್ರ ಒಂದಾಗಲಿಲ್ಲ. ೧೯೬೭ರಲ್ಲಿ ರಾಜ್ಯವು ಪಾನನಿರೋಧವನ್ನು ಕೈಬಿಟ್ಟಾಗಲೇ ಆ ಭೇದ ಅಳಿದುದು. ಗಡಿಯ ಆ ಬದಿಯಲ್ಲಿ ಪೋಲೀಸು, ಈ ಬದಿಯಲ್ಲಿ ಗುತ್ತೆ. ಎರಡೂ ಕಡೆ ರೋಗಿಗೆ ಸ್ಥಾನವಿರಲಿಲ್ಲ. ೨೦೦೭ರ ಜುಲೈ ೧ರಂದು ಸಾರಾಯಿ ನಿಷೇಧವಾದಾಗಲೂ ನಿಂತದ್ದು ಒಂದು ಬಗೆಯ ಮಾರಾಟ, ವ್ಯಸನವಲ್ಲ.

ಮನವೊಲಿಸುವ ಮಾರ್ಗ ಕನ್ನಡನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನು ತನ್ನಲ್ಲಿಗೆ ಬಂದ ಗಿರಾಕಿಗಳಿಗೇ ಕುಡಿತದ ಕೇಡನ್ನು ತಿಳಿಯಹೇಳುತ್ತಿದ್ದನೆಂದು ಪರಂಪರೆ ಹೇಳುತ್ತದೆ. ನಮ್ಮ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ೧೯೭೫ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ದವಸಕ್ಕೆ ಬದಲಾಗಿ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಈ ಕಾರ್ಯದ ಹಿರಿಮೆಯನ್ನು ನಾವು ಕಡಿಮೆಮಾಡುವುದಿಲ್ಲ. ಆದರೆ ಬಹುಕಾಲ ವಿಪರೀತ ಕುಡಿದವನು ಒಮ್ಮೆಗೇ ಬಿಟ್ಟರೆ ಕೈನಡುಕ, ನಿದ್ದೆಗೇಡು ತೋರುತ್ತವೆ. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಸೆಳವು, ಭ್ರಾಂತಿ ಉಂಟಾಗಿ ಪ್ರಾಣಕ್ಕೇ ಅಪಾಯ ಒದಗಬಹುದು. ಭಕ್ತಿಯಿಂದ ಪ್ರತಿಜ್ಞೆ ಮಾಡಿ ಮನೆಗೆ ಮರಳಿದವನ ಮೂರನೆಯ ರಾತ್ರಿಯನ್ನು ಕಾಯುವವರಾರು? ಶಿಕ್ಷಣ ಬೇಕಾಗುವುದು ಇಲ್ಲಿ. ಇದು ದೆವ್ವದ ಕಾಟವಲ್ಲ, ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ ಎಂದು ಗುರುತಿಸಬಲ್ಲ ಒಬ್ಬರಾದರೂ ಊರಿನಲ್ಲಿರಬೇಕು.

ಅಂಥವರನ್ನು ತಯಾರಿಸಬಹುದೆಂಬುದಕ್ಕೆ ಆಧಾರಗಳುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ೧೯೯೬ರಲ್ಲಿ ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಗೋವೆಯ ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿ ಮನೋವೈದ್ಯದ ಯಾವ ಪದವಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳಲ್ಲಿ ೩೭೭ ಮಂದಿ ಪುರುಷರ ಮೇಲೆ ಪರೀಕ್ಷೆ ನಡೆಸಲಾಯಿತು. ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶದಂತೆ, ಮೂರು ತಿಂಗಳ ತರುವಾಯ ಸಮಾಲೋಚನೆ ಪಡೆದವರಲ್ಲಿ ಶೇಕಡ ೩೬, ಪಡೆಯದವರಲ್ಲಿ ಶೇಕಡ ೨೬ ಮಂದಿ ಹಾನಿಕರ ಕುಡಿತದಿಂದ ಹೊರಬಂದಿದ್ದರು. ಅವರು ತೀವ್ರ ಅವಲಂಬನೆಗೆ ಇಳಿದವರಲ್ಲವೆಂಬುದನ್ನು ಮರೆಯಲಾಗದು. ಅಂತರ ಮಹತ್ತರವೇನಲ್ಲ, ಆದರೆ ೨೦೧೯ರ ರಾಷ್ಟ್ರೀಯ ಸಮೀಕ್ಷೆಯಂತೆ ಮದ್ಯಾವಲಂಬಿಗಳಲ್ಲಿ ೩೮ ಮಂದಿಗೊಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆಯುವ ದೇಶದಲ್ಲಿ ಅದನ್ನು ಅಲ್ಪವೆನ್ನಲಾಗದು.

ಸ್ಥಳೀಯ ಕಸುಬುಗಳನ್ನು ಕಲಿಸಲೆಂದೇ ಹುಟ್ಟಿದ ಸಮುದಾಯ ಕಾಲೇಜು ಈ ಶಿಕ್ಷಣಕ್ಕೆ ತಕ್ಕ ನೆಲೆಯೆಂದು ನಾವು ಭಾವಿಸುತ್ತೇವೆ. ಕೇಂದ್ರೀಯ ವಿಶ್ವವಿದ್ಯಾಲಯವಿರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ. ಪಾಠ್ಯಕ್ರಮ ರೂಪಿಸುವ ವಿದ್ವಾಂಸರನ್ನು ದೂರದಿಂದ ಕರೆಸಬೇಕಾದ ಪ್ರಮೇಯವಿಲ್ಲ. ಆದರೆ ಬೋಧನೆ ಇಂಗ್ಲಿಷಿನಲ್ಲಾದರೆ ಪ್ರಯೋಜನ ಸ್ವಲ್ಪ. ಇಲ್ಲಿ ಚಟವೆನ್ನುವವರೂ ನಶಾ ಎನ್ನುವವರೂ ಉಂಟು. ಕನ್ನಡದ ಜೊತೆಗೆ ದಖನಿ, ಮರಾಠಿ, ತಾಂಡಾಗಳಲ್ಲಿ ಲಂಬಾಣಿ ನಡೆಯುತ್ತವೆ. ಮೊದಲು ಸಹಾಯ ಕೇಳಿ ಬರುವವಳು ಬಹುಶಃ ಹೆಂಡತಿ ಅಥವಾ ತಾಯಿ. ಆದಕಾರಣ ಕಲಿಯುವವರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರುವುದು ಲೇಸು. ಕ್ಷೇತ್ರಕಾರ್ಯಕ್ಕೆ ತಾಲ್ಲೂಕು ಆಸ್ಪತ್ರೆಯೊಂದೇ ಸಾಲದು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೂ ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೂ ವಿದ್ಯಾರ್ಥಿಗಳನ್ನು ಕಳುಹಿಸಬೇಕು. ವೈದ್ಯರ ಬಳಿಗೆ ಬರಲಂಜುವ ಕುಟುಂಬಗಳು ಅಲ್ಲಿಗೆ ಅಂಜದೆ ಬರುತ್ತವೆ. ತೊಗರಿಯ ರಾಶಿ ಮುಗಿದು ಕೈಯಲ್ಲಿ ಹಣವಾಡುವ ತಿಂಗಳುಗಳಲ್ಲಿ, ಕುಡಿತ ಬಿಟ್ಟವರ ಮನೆಗಳಿಗೆ ಮತ್ತೆ ಹೋಗಿ ವಿಚಾರಿಸುವುದನ್ನೂ ಪಾಠ್ಯಕ್ರಮದ ಭಾಗವಾಗಿಯೇ ಇಡತಕ್ಕದ್ದು.