ವಿಮಾನಗಳು ಮುಖಾಮುಖಿಯಾದಾಗ: ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳ ಪಾಠ

ಹೊಸೂರು: ಬಾಗಲೂರು, ದೇಂಕಣಿಕೋಟೆ ಕಡೆಯ ಜನರಿಗೆ ವಿಮಾನದ ಸದ್ದು ಹೊಸದೇನಲ್ಲ. ಪಕ್ಕದ ಬೆಂಗಳೂರಿನಲ್ಲಿ ದೇವನಹಳ್ಳಿ ನಿಲ್ದಾಣ, ಯಲಹಂಕದ ವಾಯುನೆಲೆ, ಎಚ್‌ಎಎಲ್ ಮತ್ತು ಜಕ್ಕೂರು ಇವೆ. ನಮ್ಮ ಬೆಳಗೊಂಡಪಲ್ಲಿಯಲ್ಲೂ ಒಂದು ಖಾಸಗಿ ರನ್‌ವೇ ಇದೆ. ಇಷ್ಟು ಕಿರಿದಾದ ಆಕಾಶದಲ್ಲಿ ಎರಡು ವಿಮಾನಗಳು ಒಂದಕ್ಕೊಂದು ತೀರಾ ಹತ್ತಿರ ಬಂದರೆ ಏನಾಗುತ್ತದೆ? ಅದನ್ನು ತಡೆಯುವವರು ಯಾರು?

ಅಂತರದ ಲೆಕ್ಕ

ಆಕಾಶದಲ್ಲಿ ಎರಡು ವಿಮಾನಗಳ ನಡುವೆ ಇಂತಿಷ್ಟು ಅಂತರ ಇರಲೇಬೇಕೆಂಬ ನಿಯಮವಿದೆ. ಒಂದರ ಮೇಲೊಂದು ಹಾರುವಾಗ ಸಾಮಾನ್ಯವಾಗಿ ಕನಿಷ್ಠ 1,000 ಅಡಿ ಇರಬೇಕು. ಅಷ್ಟು ಇಲ್ಲದಿದ್ದರೆ ಅಕ್ಕಪಕ್ಕದಲ್ಲಿ, ರಾಡಾರ್ ಕಣ್ಗಾವಲು ಇರುವ ಕಡೆ, 3ರಿಂದ 5 ನಾಟಿಕಲ್ ಮೈಲಿ ಇರಬೇಕು. ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ. ಈ ಅಂತರ ಕಾಯುವುದು ನೆಲದ ಮೇಲಿರುವ ಸಂಚಾರ ನಿಯಂತ್ರಕರ ಕೆಲಸ. ನಿಲ್ದಾಣದ ಸಮೀಪ ಏರುವ ಮತ್ತು ಇಳಿಯುವ ವಿಮಾನಗಳು ಒಂದೇ ಜಾಗದಲ್ಲಿ ಸೇರುವುದರಿಂದ ಅಪಾಯವೂ ಅಲ್ಲೇ ಹೆಚ್ಚು.

ಬೆಂಗಳೂರಿನಲ್ಲಿ ನಡೆದದ್ದು

2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಇಂಡಿಗೋದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಟವು. ಒಂದು ಕೋಲ್ಕತಾಗೆ, ಇನ್ನೊಂದು ಭುವನೇಶ್ವರಕ್ಕೆ. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನರಿದ್ದರು. ಅಂದು ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ ರನ್‌ವೇಯಲ್ಲಿ ಇಳಿಯುತ್ತಿದ್ದವು. ನಂತರ ದಕ್ಷಿಣದ ರನ್‌ವೇ ಮುಚ್ಚಿ ಉತ್ತರದ್ದನ್ನು ಮಾತ್ರ ಬಳಸಲು ತೀರ್ಮಾನವಾಯಿತು. ಆದರೆ ಈ ಮಾತು ದಕ್ಷಿಣ ಟವರ್‌ನ ನಿಯಂತ್ರಕರಿಗೆ ತಲುಪಲೇ ಇಲ್ಲ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪ್ರಾಥಮಿಕ ವರದಿ ಹೇಳಿತು. ಎರಡೂ ಟವರ್‌ಗಳು ಒಂದೊಂದು ವಿಮಾನಕ್ಕೆ ಹಸಿರು ನಿಶಾನೆ ಕೊಟ್ಟವು. ಮೇಲೇರಿದ ವಿಮಾನಗಳು ಒಂದರತ್ತ ಒಂದು ಸಾಗತೊಡಗಿದವು. ರಾಡಾರ್ ಮುಂದೆ ಕುಳಿತಿದ್ದ ನಿಯಂತ್ರಕರೊಬ್ಬರು ಅದನ್ನು ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ದೊಡ್ಡ ದುರಂತ ತಪ್ಪಿತು.

ಇದಕ್ಕೂ ಮೊದಲು, 2018ರ ಜುಲೈ 10ರಂದು, ಬೆಂಗಳೂರು ವಾಯುವಲಯದಲ್ಲೇ ಕೊಯಮತ್ತೂರು-ಹೈದರಾಬಾದ್ ಮತ್ತು ಬೆಂಗಳೂರು-ಕೊಚ್ಚಿ ವಿಮಾನಗಳು ಹತ್ತಿರ ಬಂದಿದ್ದವು. ಆಗ ಅವುಗಳ ನಡುವೆ ಮೇಲೆ-ಕೆಳಗಿನ ಅಂತರ ಸುಮಾರು 200 ಅಡಿಗೆ ಇಳಿದಿತ್ತು. ಅಂದು ಕಾಪಾಡಿದ್ದು ವಿಮಾನದೊಳಗಿನ ಯಂತ್ರ.

ಕೊನೆಯ ಕಾವಲು

ಆ ಯಂತ್ರದ ಹೆಸರು ಟಿಸಿಎಎಸ್. ಸುತ್ತಲಿನ ವಿಮಾನಗಳ ಜೊತೆ ರೇಡಿಯೋ ಸಂಕೇತಗಳ ಮೂಲಕ ಅದು ತಾನೇ ಮಾತಾಡಿಕೊಳ್ಳುತ್ತದೆ. ಅಪಾಯ ಕಂಡರೆ ಮೊದಲು ಎಚ್ಚರಿಸುತ್ತದೆ, ನಂತರ ಒಬ್ಬ ಪೈಲಟ್‌ಗೆ 'ಏರು' ಎಂದೂ ಇನ್ನೊಬ್ಬರಿಗೆ 'ಇಳಿ' ಎಂದೂ ಆದೇಶಿಸುತ್ತದೆ. ನಿಯಂತ್ರಕರು ಬೇರೆ ಹೇಳಿದರೂ ಪೈಲಟ್ ಯಂತ್ರದ ಮಾತನ್ನೇ ಕೇಳಬೇಕು. 2002ರ ಜುಲೈ 1ರಂದು ಜರ್ಮನಿಯ ಊಬರ್‌ಲಿಂಗೆನ್ ಬಳಿ ಒಂದು ವಿಮಾನ ಯಂತ್ರದ ಬದಲು ನಿಯಂತ್ರಕರ ಮಾತು ಕೇಳಿ ಇಳಿಯಿತು. ಡಿಕ್ಕಿಯಲ್ಲಿ 71 ಮಂದಿ ಸತ್ತರು.

ನಮ್ಮ ದೇಶ ಈ ಪಾಠಕ್ಕೆ ಇನ್ನೂ ದೊಡ್ಡ ಬೆಲೆ ತೆತ್ತಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಜಕ್‌ಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿಯೂ ಸತ್ತರು. 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕ್ ವಿಮಾನ ಇನ್ನೂ ಕೆಳಕ್ಕೆ ಇಳಿದಿತ್ತು. ಆ ಬಳಿಕವೇ ಭಾರತದಲ್ಲಿ ಈ ಯಂತ್ರ ಕಡ್ಡಾಯವಾದದ್ದು.

ಮುಚ್ಚಿಟ್ಟರೆ ಅಪಾಯ

2022ರ ಪ್ರಕರಣದಲ್ಲಿ ಇನ್ನೊಂದು ಆತಂಕದ ಸಂಗತಿ ಇದೆ. ಘಟನೆ ಯಾವ ಲಾಗ್‌ಬುಕ್‌ನಲ್ಲೂ ದಾಖಲಾಗಿರಲಿಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರ ವರದಿಯನ್ನೂ ಕೊಟ್ಟಿರಲಿಲ್ಲ ಎಂದು ಸುದ್ದಿಯಾಯಿತು. ಯಾರಿಗೂ ಗಾಯವಾಗಲಿಲ್ಲ, ಹಾಗಾಗಿ ಏನೂ ಆಗಲಿಲ್ಲ ಎಂಬ ಭಾವನೆ ಎಲ್ಲಕ್ಕಿಂತ ಅಪಾಯಕಾರಿ. ತಪ್ಪಿದ ಅಪಘಾತ ಎಂದರೆ ಪುಕ್ಕಟೆಯಾಗಿ ಸಿಕ್ಕ ಪಾಠ. ಬರೆದಿಟ್ಟರೆ ತಾನೇ ಅದನ್ನು ಓದಿ ಕಲಿಯುವುದು?

ಈ ಪ್ರಶ್ನೆ ನಮಗೂ ಸೇರಿದ್ದು. ಹೊಸೂರಿನಲ್ಲಿ 2,000 ಎಕರೆಯಲ್ಲಿ ವಿಮಾನ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಘೋಷಿಸಿತು. ಊರಿನಲ್ಲಿ ಚರ್ಚೆಯೆಲ್ಲ ಜಮೀನಿನ ಬೆಲೆ ಮತ್ತು ಉದ್ಯೋಗದ ಸುತ್ತಲೇ ನಡೆಯುತ್ತದೆ. ಅವು ಮುಖ್ಯವೇ. ಆದರೆ ನೆಲ ಸಿಕ್ಕಿದರಷ್ಟೇ ಸಾಲದು, ಆಕಾಶವೂ ಸಿಗಬೇಕು. ಎಚ್‌ಎಎಲ್ ಮತ್ತು ದೇವನಹಳ್ಳಿಯ ಹಾರಾಟದ ದಾರಿಗಳ ಜೊತೆ ಹೊಸ ದಾರಿ ಹೊಂದಿಕೊಳ್ಳುತ್ತದೆಯೇ, ಒಂದು ಟವರ್‌ನ ಮಾತು ಇನ್ನೊಂದಕ್ಕೆ ತಕ್ಷಣ ಮುಟ್ಟುತ್ತದೆಯೇ ಎಂಬುದನ್ನೂ ನಾವು ಕೇಳಬೇಕು.