ದನಿಯನ್ನು ಹಿಂಡಿದಾಗ ಉಳಿಯುವುದೆಷ್ಟು?

ದರೋಜಿ ಎಂದೊಡನೆ ಪ್ರವಾಸಿಗರಿಗೆ ಕರಡಿಧಾಮ ನೆನಪಾಗುತ್ತದೆ. ಜಾನಪದ ಬಲ್ಲವರಿಗೆ ನೆನಪಾಗುವುದು ಈರಮ್ಮ. ಸಂಡೂರು ತಾಲ್ಲೂಕಿನ ಈ ಊರಿನ ಬುರ್ರಕಥಾ ಈರಮ್ಮ ಹುಟ್ಟಿದ್ದು 1930ರಲ್ಲಿ, ಬುಡ್ಗ ಜಂಗಮರೆಂಬ ಅಲೆಮಾರಿ ಸಮುದಾಯದಲ್ಲಿ. ಅಕ್ಷರ ಕಲಿಯದ ಆಕೆ ಬಾಲ್ಯದಲ್ಲಿ ತಂದೆಯಿಂದ ಕಥೆ ಹಾಡುವುದನ್ನು ಕಲಿತರು. ಮುದ್ರಿಸಿದರೆ ಸಾವಿರಾರು ಪುಟವಾಗುವ ಹನ್ನೆರಡು ಕಾವ್ಯಗಳು ಆಕೆಯ ನೆನಪಿನಲ್ಲಿದ್ದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. 2014ರ ಆಗಸ್ಟ್‌ನಲ್ಲಿ ಈರಮ್ಮ ತೀರಿಕೊಂಡರು.

ಆಕೆ ಹಾಡುತ್ತಿದ್ದ ಕಥೆಗಳಲ್ಲಿ ಕುಮಾರರಾಮನ ಕಥೆಯೂ ಒಂದು. ತುಂಗಭದ್ರೆಯ ದಂಡೆಯ ಕಂಪ್ಲಿಗೆ ಹೆಸರು ತಂದ ಕಂಪಿಲರಾಯನ ಮಗ ಈತ. ಮಹಮದ್ ಬಿನ್ ತುಘಲಕ್‌ನ ಸೈನ್ಯ 1327ರಲ್ಲಿ ಆ ರಾಜ್ಯವನ್ನು ಕೊನೆಗಾಣಿಸಿತು ಎಂದು ಶಾಲೆಯ ಚರಿತ್ರೆ ಪುಸ್ತಕ ಒಂದು ವಾಕ್ಯದಲ್ಲಿ ಮುಗಿಸುತ್ತದೆ. ಕಥೆಗಾರರಿಗೆ ಅದನ್ನು ಹೇಳಲು ರಾತ್ರಿಗಳೇ ಬೇಕು.

ಇಂಥ ಹಾಡುಗಾರಿಕೆಯನ್ನು ಕೇಳಬೇಕೆಂದರೆ ಇಂದು ಬಹುಪಾಲು ಧ್ವನಿಮುದ್ರಣವನ್ನೇ ನೆಚ್ಚಬೇಕು. ಆದರೆ ಬುರ್ರಕಥೆ, ಬಯಲಾಟಗಳ ಹಳೆಯ ಮುದ್ರಣ ಕೈಯಿಂದ ಕೈಗೆ ದಾಟಿ ನಮ್ಮ ಮೊಬೈಲಿಗೆ ಬರುವ ಹೊತ್ತಿಗೆ ತಾಳದ ಸದ್ದು ಮರಳು ಸುರಿದಂತೆ ಕೇಳುತ್ತದೆ. ಕುಣಿಯುವವರ ಮುಖ ಚೌಕಚೌಕವಾಗಿ ಒಡೆಯುತ್ತದೆ. ‘ಹಳೆಯದಲ್ಲವೆ, ಹಾಗೇ ಇರುತ್ತದೆ’ ಎಂದು ನಾವು ಸುಮ್ಮನಾಗುತ್ತೇವೆ. ಅನೇಕ ಸಲ ತಪ್ಪು ವಯಸ್ಸಿನದಲ್ಲ. ದನಿಯನ್ನು ಎಲ್ಲಿ, ಹೇಗೆ ಹಿಂಡಿದರು ಎಂಬುದರಲ್ಲಿ ಅದು ಅಡಗಿರುತ್ತದೆ.

ಡಬ್ಬಿಯ ಅಳತೆ

ಹಿಂಡುವ ಕೆಲಸ ಕಂಪ್ಯೂಟರಿನಿಂದ ಶುರುವಾದದ್ದಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಗ್ರಾಮೋಫೋನ್ ತಟ್ಟೆಗೆ ಇಳಿಸಿದಾಗ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಆಕೆಯೇ ಅಷ್ಟಕ್ಕೆ ಅಡಕಗೊಳಿಸಿದರು. (ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ಅಲ್ಲಿಯೇ 1930ರಲ್ಲಿ ನಿಧನರಾದರು.) ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂದು ಆಗ ತೀರ್ಮಾನಿಸಿದ್ದು ಕಲಾವಿದೆ.

1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು ಡಬ್ಬಿಯನ್ನು ದೊಡ್ಡದು ಮಾಡಿತು. ಒಂದು ಮಗ್ಗುಲಿಗೆ 30 ಇಲ್ಲವೆ 45 ನಿಮಿಷ. ಆದರೂ ಇಡೀ ರಾತ್ರಿಯ ಕಥೆಗೆ ಹತ್ತಾರು ಸಲ ಮಗ್ಗುಲು ಬದಲಿಸಬೇಕು. ಬದಲಿಸುವ ಗಳಿಗೆಯಲ್ಲಿ ಕಥೆಗಾರರು ನಿಲ್ಲುವುದಿಲ್ಲ. ಆ ಸಾಲುಗಳು ಹೋದಂತೆಯೇ.

ಸಂಖ್ಯೆಯಾದ ದನಿ

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ದನಿಯನ್ನು ಸಂಖ್ಯೆಯಾಗಿಸಿತು. ಸೆಕೆಂಡಿಗೆ 44,100 ಸಲ ದನಿಯ ಅಲೆಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುವುದು ಇದರ ಕ್ರಮ. ಎರಡು ಚಾನೆಲ್ ಸೇರಿ ಸೆಕೆಂಡಿಗೆ 14 ಲಕ್ಷಕ್ಕೂ ಹೆಚ್ಚು ಬಿಟ್. ಗಂಟೆಗೆ ಸುಮಾರು 635 ಮೆಗಾಬೈಟ್. ಅಂದಿನ ಕಂಪ್ಯೂಟರುಗಳಿಗೆ ಇದು ಹೊರಲಾರದ ಹೊರೆ.

ಈ ಹೊರೆ ಇಳಿಸಲು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮುಂತಾದವರು ರೂಪಿಸಿದ ವಿಧಾನವೇ ನಾವಿಂದು ಎಂ.ಪಿ. 3 ಎನ್ನುವುದು. 1993ರಲ್ಲಿ ಅದು ಅಂತರರಾಷ್ಟ್ರೀಯ ಮಾನಕದ ಭಾಗವಾಗಿ ಪ್ರಕಟವಾಯಿತು. ತತ್ತ್ವ ಸರಳವಾದದ್ದು. ಹಂಪಿಯ ತೇರಿನ ದಿನ ನಗಾರಿ ಮೊಳಗುವಾಗ ಪಕ್ಕದವರ ಪಿಸುಮಾತು ಕೇಳುವುದಿಲ್ಲ. ದೊಡ್ಡ ಸದ್ದು ಚಿಕ್ಕ ಸದ್ದನ್ನು ಮರೆಮಾಡುತ್ತದೆ. ಕಿವಿಗೆ ಬೀಳದ್ದನ್ನು ಪೂರ್ತಿ ಬರೆದಿಡುವುದೇಕೆ? ಹೀಗೆ ಕೈಬಿಡುತ್ತ ಹೋದರೆ ಸೆಕೆಂಡಿಗೆ 1,28,000 ಬಿಟ್ ಸಾಕಾಗುತ್ತದೆ; ಅಂದರೆ ಮೂಲದ ಹನ್ನೊಂದನೆಯ ಒಂದು ಭಾಗ. 635 ಮೆಗಾಬೈಟಿನ ಗಂಟೆ 58ಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಏನನ್ನು ಬಿಡಬೇಕು ಎಂಬ ತೀರ್ಮಾನ ಗೌಹರ್ ಜಾನ್ ಅವರ ಕೈಯಿಂದ ಯಂತ್ರದ ಕೈಗೆ ದಾಟಿತು.

ಹೆಬ್ಬೆರಳಿನ ಉಂಗುರ

ಯಂತ್ರ ಎಡವುವುದು ಎಲ್ಲಿ ಎಂಬುದನ್ನು ಅದನ್ನು ಕಟ್ಟಿದವರೇ ಕಂಡುಕೊಂಡಿದ್ದರು. ವಾದ್ಯಗಳ ನೆರವಿಲ್ಲದೆ ಸೂಸನ್ ವೇಗಾ ಹಾಡಿದ ಹಾಡೊಂದು ಆರಂಭದ ಪ್ರಯೋಗಗಳಲ್ಲಿ ತೀರ ಕೆಟ್ಟದಾಗಿ ಕೇಳಿಸಿತು. ಮರೆಮಾಡಲು ಬೇರೆ ಸದ್ದು ಇಲ್ಲದಾಗ ಬರಿಯ ಮನುಷ್ಯಕಂಠವನ್ನು ಹಿಂಡುವುದು ಕಷ್ಟ. ಇನ್ನೊಂದು ತೊಡಕು ಸ್ಪೇನಿನ ಕ್ಯಾಸ್ಟನೆಟ್ ಎಂಬ ಮರದ ಚಿಟಿಕೆಯಿಂದ ತಿಳಿಯಿತು. ಎಂ.ಪಿ. 3 ದನಿಯನ್ನು ಸೆಕೆಂಡಿನ ಕೆಲವೇ ನೂರನೇ ಭಾಗದಷ್ಟು ಉದ್ದದ ತುಂಡುಗಳಾಗಿ ಕತ್ತರಿಸುತ್ತದೆ. ತುಂಡಿನ ಕೊನೆಯಲ್ಲಿ ಚಟ್ಟನೆ ಪೆಟ್ಟು ಬಿದ್ದರೆ, ಹಿಂಡುವಾಗ ಉಂಟಾದ ಕೊಳೆ ಇಡೀ ತುಂಡಿಗೆ ಹರಡಿ ಪೆಟ್ಟಿಗೆ ಮೊದಲೇ ‘ಸ್ಸ್’ ಎಂದು ಕೇಳುತ್ತದೆ. ಇದನ್ನು ಪೂರ್ವಪ್ರತಿಧ್ವನಿ ಎನ್ನಬಹುದು. ಇಂಥ ಕಡೆ ತುಂಡನ್ನು ಇನ್ನಷ್ಟು ಗಿಡ್ಡ ಮಾಡುವ ಉಪಾಯ ಹೂಡಿದರು. ಬಿಟ್ ಕಡಿಮೆಯಾದಾಗ ಅದೂ ಸೋಲುತ್ತದೆ.

ಈಗ ಬುರ್ರಕಥೆಯನ್ನು ನೆನೆಯಿರಿ. ಮುಖ್ಯ ಕಥೆಗಾರರ ಕಂಠ; ಹೆಬ್ಬೆರಳಿಗೆ ತೊಟ್ಟ, ಒಳಗೆ ಗುಂಡು ತುಂಬಿದ ಲೋಹದ ಉಂಗುರದ ಝಣತ್ಕಾರ; ಪಕ್ಕದಲ್ಲಿ ಚರ್ಮವಾದ್ಯದ ಪೆಟ್ಟು. ಯಂತ್ರಕ್ಕೆ ಯಾವುದು ಕಷ್ಟವೋ ಅದೆಲ್ಲ ಇಲ್ಲಿ ಒಟ್ಟಿಗೇ ಇದೆ. ಬಿಟ್ ಕಡಿಮೆಯಾದಷ್ಟೂ ಎಂ.ಪಿ. 3 ಸಾಮಾನ್ಯವಾಗಿ ಎತ್ತರದ ಕಂಪನಾಂಕಗಳನ್ನು ಕತ್ತರಿಸಿಬಿಡುತ್ತದೆ. ಉಂಗುರದ ಹೊಳಪು ಇರುವುದು ಅಲ್ಲಿಯೇ.

ಚಿತ್ರದ ಚೌಕಗಳು

ವಿಡಿಯೋ ಕಥೆಯೂ ಇದೇ. ಜಾತ್ರೆಗಳಲ್ಲಿ ಮಾರುತ್ತಿದ್ದ ವಿ.ಸಿ.ಡಿ.ಯಲ್ಲಿ ಚಿತ್ರ 352 ಅಡ್ಡ, 288 ಉದ್ದದ ಚುಕ್ಕೆಗಳದ್ದು. ಸೆಕೆಂಡಿಗೆ ಸುಮಾರು ಹನ್ನೊಂದೂವರೆ ಲಕ್ಷ ಬಿಟ್. ಚಿತ್ರವನ್ನು ಚೌಕಗಳಾಗಿ ಒಡೆದು, ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನಷ್ಟೇ ಬರೆಯುವುದು ಇದರ ಜಾಣತನ. ಮಂಟಪದ ಕಂಬ ಕದಲದು. ಅದಕ್ಕೆ ಖರ್ಚು ಕಡಿಮೆ. ಆದರೆ ಕತ್ತಲಲ್ಲಿ ಅಲ್ಲಾಡುವ ಪಂಜಿನ ಬೆಳಕು, ಏಳುವ ದೂಳು, ಕುಣಿಯುವ ಗುಂಪು ಇವೆಲ್ಲ ಕ್ಷಣಕ್ಷಣಕ್ಕೂ ಹೊಸವು. ಬಿಟ್ ಸಾಲದೆ ಚೌಕಗಳು ಬಯಲಾಗುತ್ತವೆ. ಮಾತಂಗ ಬೆಟ್ಟದ ಬಂಡೆಗಳ ಒರಟು ಮೈಯನ್ನು ಕ್ಯಾಮೆರಾ ತಿರುಗಿಸುತ್ತ ತೋರಿಸಿದರೂ ಇದೇ ಪಾಡು.

ರೋಗ ಎಲ್ಲಿದೆ?

ಮದ್ದಿಗೆ ಮೊದಲು ರೋಗ ಎಲ್ಲಿದೆ ಎಂದು ತಿಳಿಯಬೇಕು. ದನಿ ಪೂರ್ತಿ ಮಂಕಾಗಿದ್ದರೆ ಮೊದಲು ಟೇಪ್‌ರೆಕಾರ್ಡರಿನ ಹೆಡ್ ಅನ್ನು ಅನುಮಾನಿಸಿ. ಅದು ಕೊಳೆಯಾಗಿರಬಹುದು ಅಥವಾ ವಾರೆಯಾಗಿರಬಹುದು. ಕಂಪ್ಯೂಟರಿಗೆ ಇಳಿಸುವ ಮೊದಲೇ ಸರಿಪಡಿಸಬೇಕು. ಹಾಡು ಶುರುವಾಗುವ ಒಂದೆರಡು ಸೆಕೆಂಡು ಮೊದಲು ಅದೇ ಹಾಡು ಕ್ಷೀಣವಾಗಿ ಕೇಳಿದರೆ ಸುರುಳಿಯಲ್ಲಿ ಒಂದು ಪದರದ ಕಾಂತತೆ ಪಕ್ಕದ ಪದರಕ್ಕೆ ಅಂಟಿದೆ ಎಂದರ್ಥ. ಜೋರಾದ ಕಡೆ ಮಾತ್ರ ಚರಚರ ಒಡೆದರೆ ಮುದ್ರಿಸುವಾಗ ಮಟ್ಟ ಹೆಚ್ಚಾಗಿತ್ತು. ಮೂಲ ಟೇಪು ಚೆನ್ನಾಗಿದ್ದರೆ ಮತ್ತೊಮ್ಮೆ ಇಳಿಸುವುದೇ ದಾರಿ. ನೀರೊಳಗಿಂದ ಬಂದಂತೆ ಗುಳುಗುಳು ಎಂದರೆ ಅದು ಹಿಂಡಿದ್ದರ ಫಲ, ಬಹುಶಃ ಹಿಂಡಿದ್ದನ್ನೇ ಮತ್ತೆ ಹಿಂಡಿದ್ದರ ಫಲ.

ಶ್ರುತಿ ಏರಿ ಕಥೆ ಬೇಗಬೇಗ ಓಡಿದರೆ, 44,100ರಲ್ಲಿ ಅಳೆದದ್ದನ್ನು ಯಂತ್ರ 48,000 ಎಂದು ತಪ್ಪಾಗಿ ಓದುತ್ತಿರಬಹುದು. ತುಟಿಗೂ ಮಾತಿಗೂ ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಿದ್ದರೆ ದನಿಯನ್ನು ಅಷ್ಟು ಸರಿಸಿದರೆ ಸಾಕು. ಅಂತರ ಬೆಳೆಯುತ್ತ ಹೋದರೆ ಚಿತ್ರದ ವೇಗ ಮತ್ತು ದನಿಯ ವೇಗ ಹೊಂದಿಲ್ಲ. ಮೊಬೈಲಿನ ವಿಡಿಯೋದಲ್ಲಿ ಚಿತ್ರಗಳ ವೇಗ ಏರಿಳಿಯುವುದರಿಂದ ಇದು ಆಗಾಗ ಕಾಣುತ್ತದೆ. ಹಳೆಯ ವಿಡಿಯೋ ಟೇಪಿನಲ್ಲಿ ಬೀಸುವ ಕೈಗೆ ಬಾಚಣಿಗೆಯ ಹಲ್ಲು ಮೂಡಿದರೆ, ಒಂದು ಚಿತ್ರದ ಎರಡು ಅರ್ಧಗಳು ಬೇರೆಬೇರೆ ಕ್ಷಣದವು ಎಂಬುದನ್ನು ಲೆಕ್ಕಿಸದೆ ಹಿಂಡಿದ್ದಾರೆ ಎಂದು ತಿಳಿಯಬೇಕು.

ಮೊದಲು ಪೂರ್ತಿ, ಆಮೇಲೆ ಚಿಕ್ಕದು

ಎಲ್ಲಕ್ಕೂ ಮಿಗಿಲಾದ ನಿಯಮ ಒಂದೇ. ಮೊದಲು ಹಿಂಡದ ಪ್ರತಿಯೊಂದನ್ನು ಮಾಡಿ ಇಡಬೇಕು. ಹಂಚಲು ಬೇಕಾದ ಚಿಕ್ಕ ಪ್ರತಿಯನ್ನು ಅದರಿಂದ ತೆಗೆಯಬೇಕು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಸೆಕೆಂಡಿಗೆ 96,000 ಅಳತೆ, 24 ಬಿಟ್‌ಗಳನ್ನು ಶಿಫಾರಸು ಮಾಡುತ್ತದೆ. ಇದು ಗಂಟೆಗೆ ಸುಮಾರು 2 ಗಿಗಾಬೈಟ್. ಇಂದಿನ ಡಿಸ್ಕುಗಳಿಗೆ ಹೊರೆಯೇ ಅಲ್ಲ. 2001ರಲ್ಲಿ ಬಂದ ಫ್ಲ್ಯಾಕ್‌ನಂಥ ವಿಧಾನ ಒಂದು ಬಿಟ್ಟನ್ನೂ ಕಳೆಯದೆ ಜಾಗ ಉಳಿಸುತ್ತದೆ. ಆದರೆ ಒಮ್ಮೆ ಎಂ.ಪಿ. 3 ಆದದ್ದನ್ನು ಎಷ್ಟು ದೊಡ್ಡ ಕಡತಕ್ಕೆ ತುಂಬಿದರೂ ಹೋದದ್ದು ಮರಳದು. ಕಬ್ಬಿನ ಸಿಪ್ಪೆಗೆ ನೀರು ಹಾಕಿದರೆ ಹಾಲು ಬರುವುದಿಲ್ಲ ಎಂದು ಕಂಪ್ಲಿಯ ಗಾಣದವರಿಗೆ ಹೇಳಬೇಕಾಗಿಲ್ಲ.

ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹಂಪಿಯಲ್ಲಿ ಆರಂಭವಾದ ಮೇಲೆ ಜನಪದ ಮಹಾಕಾವ್ಯಗಳು ಅಚ್ಚಾಗಿ ಬಂದಿವೆ. ಅದು ದೊಡ್ಡ ಕೆಲಸ. ಆದರೆ ಅಚ್ಚು ಕೂಡ ಒಂದು ಬಗೆಯ ಹಿಂಡುವಿಕೆಯೇ. ಮಾತು ಉಳಿಯುತ್ತದೆ, ಉಸಿರು, ಧಾಟಿ, ಹಿಮ್ಮೇಳದವರ ದನಿ, ಕೇಳುಗರ ನಗು ಉಳಿಯುವುದು ಟೇಪಿನಲ್ಲಿ ಮಾತ್ರ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಮನೆಗಳಲ್ಲಿ ಅಟ್ಟದ ಮೇಲೆ ಅಜ್ಜಿಯ ಹಾಡಿನ, ಊರ ಬಯಲಾಟದ ಕ್ಯಾಸೆಟ್ಟುಗಳು ಇನ್ನೂ ಇದ್ದಾವು. ಸೆಕೆ, ದೂಳು, ಬೂಷ್ಟು ಅವುಗಳನ್ನು ದಿನವೂ ತಿನ್ನುತ್ತಿವೆ. ಇಳಿಸುವವರು ಪೂರ್ತಿಯಾಗಿ ಇಳಿಸಲಿ. ಹಾಡಿದವರ ಹೆಸರು, ಊರು, ದಿನ ಬರೆದಿಡಲಿ. ಕಂಪ್ಯೂಟರಿಗೆ ಬಂತೆಂದು ಮೂಲವನ್ನು ಎಸೆಯದಿರಲಿ. ಸೂಸನ್ ವೇಗಾ ಅವರ ಹಾಡು ಕೆಟ್ಟಾಗ ಎಂಜಿನಿಯರುಗಳು ಮತ್ತೆ ಮೂಲ ಮುದ್ರಣಕ್ಕೆ ಹೋಗಿ ಯಂತ್ರವನ್ನು ತಿದ್ದಿದರು. ಮೂಲ ಇದ್ದುದರಿಂದಲೇ ತಿದ್ದಲು ಸಾಧ್ಯವಾಯಿತು. ಈರಮ್ಮನಂಥವರು ಮತ್ತೊಮ್ಮೆ ಹಾಡಲು ಬರುವುದಿಲ್ಲ.