ಟರ್ಬೋ ಲಾರಿ ಓಡಿಸ್ತೀರಾ? ನಿಲ್ಲಿಸಿದ ಕೂಡಲೇ ಕೀ ತಿರುಗಿಸಬೇಡಿ, ಹಾಗಂತ ಅರ್ಧ ಗಂಟೆ ಬಿಡಲೂ ಬೇಡಿ

ಟ್ರೈಲರ್, ಟಿಪ್ಪರ್, ಟ್ಯಾಂಕರ್ ಓಡಿಸುವ ನಮ್ಮವರಲ್ಲಿ ಎರಡು ಬಗೆಯ ಅಭ್ಯಾಸ ಇದೆ. ಕೆಲವರು ಗಾಡಿ ನಿಂತ ಕ್ಷಣವೇ ಇಂಜಿನ್ ಆಫ್ ಮಾಡಿ ಇಳಿಯುತ್ತಾರೆ. ಇನ್ನು ಕೆಲವರು "ಟರ್ಬೋ ತಣ್ಣಗಾಗ್ಲಿ" ಅಂತ ಇಂಜಿನ್ ಓಡಲು ಬಿಟ್ಟು ಚಹಾ ಕುಡಿದು, ಊರಿಗೆ ಫೋನ್ ಮಾಡಿ ಬರುತ್ತಾರೆ. ಎರಡೂ ಸರಿಯಲ್ಲ. ಟರ್ಬೋ ಹಾಳಾದರೆ ಮೊದಲ ಬೆರಳು ಡ್ರೈವರ್ ಕಡೆಗೆ. ಸುಮ್ಮನೆ ಓಡಿಸಿದರೆ ಕಂಪನಿಯ ಟ್ರ್ಯಾಕಿಂಗ್ ರಿಪೋರ್ಟ್‌ನಲ್ಲಿ ಅದೂ ನಿಮ್ಮ ಹೆಸರಿಗೇ. ಹಾಗಾದರೆ ಎಷ್ಟು ಹೊತ್ತು ಬಿಡಬೇಕು? ಗಲ್ಫ್‌ನಿಂದ ಯುರೋಪ್ ಕಡೆ ಕೆಲಸ ನೋಡುವವರೂ ಇರುವುದರಿಂದ ನೆದರ್ಲೆಂಡ್ಸ್‌ನ ಉದಾಹರಣೆ ಇಟ್ಟುಕೊಂಡು ನೋಡೋಣ.

ಟರ್ಬೋ ಒಳಗೆ ಆಗುವುದೇನು?

ಇಂಜಿನ್‌ನಿಂದ ಹೊರಬರುವ ಬಿಸಿ ಹೊಗೆ ಟರ್ಬೋದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ದೊಡ್ಡ ಲಾರಿಯ ಟರ್ಬೋ ನಿಮಿಷಕ್ಕೆ 1 ಲಕ್ಷ ಸುತ್ತಿನ ಆಸುಪಾಸು ತಿರುಗಬಲ್ಲದು. ಲೋಡ್ ಎಳೆಯುವಾಗ ಹೊಗೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟಬಹುದು.

ಆ ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಜಾರುವಂತೆ ಮಾಡುವುದೂ ಆಯಿಲ್, ಬಿಸಿಯನ್ನು ಹೊತ್ತೊಯ್ಯುವುದೂ ಆಯಿಲ್. ಕೀ ತಿರುಗಿಸಿದ ಕೂಡಲೇ ಆಯಿಲ್ ಪಂಪ್ ನಿಲ್ಲುತ್ತದೆ, ಆದರೆ ಕಾದ ಕಬ್ಬಿಣದ ಬಿಸಿ ನಿಲ್ಲುವುದಿಲ್ಲ. ಅದು ಬೇರಿಂಗ್ ಕಡೆಗೆ ಹರಿಯುತ್ತದೆ. ಅಲ್ಲಿ ನಿಂತ ಆಯಿಲ್, ತವಾದ ಮೇಲೆ ಮರೆತ ಎಣ್ಣೆಯ ಹಾಗೆ, ಸುಟ್ಟು ಕಪ್ಪಗೆ ಗಟ್ಟಿಯಾಗುತ್ತದೆ. ಒಂದು ದಿನದಲ್ಲಿ ಏನೂ ಗೊತ್ತಾಗಲ್ಲ. ತಿಂಗಳುಗಟ್ಟಲೆ ಹೀಗೇ ಆದರೆ ಆಯಿಲ್ ದಾರಿ ಕಟ್ಟುತ್ತದೆ, ಬೇರಿಂಗ್ ಸವೆಯುತ್ತದೆ, ನೀಲಿ ಹೊಗೆ, ಶಿಳ್ಳೆ ಶಬ್ದ, ಪಿಕಪ್ ಕಡಿಮೆ ಶುರುವಾಗುತ್ತದೆ.

ಡಾಫ್ ಹುಟ್ಟಿದ ಊರು

ಗಲ್ಫ್‌ನ ರಸ್ತೆಗಳಲ್ಲೂ ಕಾಣುವ ಡಾಫ್ ಲಾರಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದ್ದು. ಹಬ್ ವಾನ್ ಡೋರ್ನ 1928ರಲ್ಲಿ ಅಲ್ಲಿ ಶುರು ಮಾಡಿದ ವರ್ಕ್‌ಶಾಪ್ ಮುಂದೆ ಲಾರಿ ಕಂಪನಿಯಾಯಿತು. 1973ರಲ್ಲಿ ಬಂದ ಡಾಫ್ 2800 ಮಾದರಿಯಲ್ಲಿ ಟರ್ಬೋ ಜೊತೆ ಇಂಟರ್‌ಕೂಲರ್ ಇತ್ತು. ಟರ್ಬೋ ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ತಣ್ಣಗೆ ಮಾಡಿ ಇಂಜಿನ್‌ಗೆ ಕೊಡುವುದು ಇದರ ಕೆಲಸ. ಆದರೆ ಒಂದು ಮಾತು ನೆನಪಿಡಿ: ಇಂಟರ್‌ಕೂಲರ್ ತಂಪು ಮಾಡುವುದು ಒಳಹೋಗುವ ಗಾಳಿಯನ್ನು, ಟರ್ಬೋದ ಬೇರಿಂಗನ್ನಲ್ಲ. "ನಮ್ಮ ಗಾಡಿಯಲ್ಲಿ ಇಂಟರ್‌ಕೂಲರ್ ಇದೆ, ಕೂಡಲೇ ಆಫ್ ಮಾಡಬಹುದು" ಅನ್ನುವುದು ತಪ್ಪು ಲೆಕ್ಕ.

ಎರಡು ಸೇತುವೆ, ಎರಡು ಉತ್ತರ

ನೆದರ್ಲೆಂಡ್ಸ್ ಕಾಲುವೆಗಳ ದೇಶ. ಹಡಗು, ದೋಣಿ ಬಂದಾಗ ಸೇತುವೆ ತೆರೆದುಕೊಳ್ಳುತ್ತದೆ, ಗಾಡಿಗಳು ಕಾಯಬೇಕು. ಊರೊಳಗಿನ ಹಲವು ಸೇತುವೆಗಳ ಬಳಿ ಇಂಜಿನ್ ಆಫ್ ಮಾಡಿ ಅನ್ನುವ ಬೋರ್ಡ್ ಇರುತ್ತದೆ. ಅಲ್ಲಿನ 1990ರ ಸಂಚಾರ ನಿಯಮದ 57ನೇ ಕಲಂ ಪ್ರಕಾರ ವಾಹನದಿಂದ ಅನಗತ್ಯ ಶಬ್ದ ಮಾಡುವಂತೆಯೂ ಇಲ್ಲ. ಇಲ್ಲಿ ಟರ್ಬೋಗೆ ಭಯ ಬೇಡ. ಊರೊಳಗೆ ನಿಧಾನಕ್ಕೆ ಬಂದಿರುತ್ತೀರಿ, ಟರ್ಬೋ ಆಗಲೇ ತಣಿದಿರುತ್ತದೆ. ಕೂಡಲೇ ಆಫ್ ಮಾಡಬಹುದು.

ಈಗ ಎ7 ಹೆದ್ದಾರಿಗೆ ಬನ್ನಿ. 1932ರಲ್ಲಿ ಕಟ್ಟಿ ಮುಗಿಸಿದ ಅಫ್‌ಸ್ಲೌಟ್‌ಡೈಕ್ ಎಂಬ 32 ಕಿಲೋಮೀಟರ್ ಉದ್ದದ ಸಮುದ್ರ ಕಟ್ಟೆಯ ಮೇಲೆ ಈ ರಸ್ತೆ ಹೋಗುತ್ತದೆ. ಡೆನ್ ಊವರ್ ಮತ್ತು ಕಾರ್ನ್‌ವರ್ಡರ್‌ಜಾಂಡ್ ಎಂಬಲ್ಲಿ ತಿರುಗುವ ಸೇತುವೆಗಳಿದ್ದು, ಹೆದ್ದಾರಿಯ ಗಾಡಿಗಳೇ ನಿಲ್ಲಬೇಕಾಗುತ್ತದೆ. ಲಾರಿಗೆ ವೇಗಮಿತಿ 80. ಪೂರ್ತಿ ಲೋಡ್, ಎದುರಿನಿಂದ ಸಮುದ್ರದ ಗಾಳಿ ಅಂದ್ರೆ ಏರು ಹತ್ತಿದಷ್ಟೇ ಇಂಜಿನ್‌ಗೆ ಕೆಲಸ. ಹಾಗೆ ಎಳೆದು ಬಂದು ಕೆಂಪು ದೀಪಕ್ಕೆ ನಿಂತರೆ ಮೊದಲು ಒಂದೆರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ, ಆಮೇಲೆ ಆಫ್ ಮಾಡಿ.

ಅದೇ ಲಾರಿ, ಅದೇ ಡ್ರೈವರ್, ಉತ್ತರ ಮಾತ್ರ ಬೇರೆ. ಕಾರಣ, ಲೆಕ್ಕ ಹಾಕಬೇಕಾದ್ದು ಒಟ್ಟು ಎಷ್ಟು ದೂರ ಬಂದಿರಿ ಅಂತಲ್ಲ, ಕೊನೆಯ ಐದು ನಿಮಿಷ ಇಂಜಿನ್ ಎಷ್ಟು ಎಳೆಯಿತು ಅಂತ.

ನಮ್ಮ ದಾರಿಗಳಲ್ಲಿ

ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಬಳಿ ಹೋಟೆಲ್‌ಗೆ ನಿಂತರೆ ಅಥವಾ ಫುಜೈರಾದ ಗುಡ್ಡಗಳಲ್ಲಿ ಕಲ್ಲು ತುಂಬಿ ಏರು ಹತ್ತಿ ನಿಂತರೆ 3ರಿಂದ 5 ನಿಮಿಷ ಬಿಡಿ. ಕಮಿನ್ಸ್‌ನಂಥ ಇಂಜಿನ್ ಕಂಪನಿ ಪೂರ್ತಿ ಲೋಡ್ ಎಳೆದ ಮೇಲೆ ಹೇಳುವುದೂ ಇಷ್ಟನ್ನೇ. ಬಂದರಿನ ಗೇಟಿನಲ್ಲಿ ಅರ್ಧ ಗಂಟೆ ತೆವಳಿದ್ದರೆ ಕಾಯುವ ಅಗತ್ಯವೇ ಇಲ್ಲ.

ಖರ್ಚಿನ ಮಾತು: ದೊಡ್ಡ ಲಾರಿ ಐಡಲ್‌ನಲ್ಲಿ ಗಂಟೆಗೆ ಸುಮಾರು 2ರಿಂದ 3 ಲೀಟರ್ ಡೀಸೆಲ್ ಕುಡಿಯುತ್ತದೆ. ಮೂರು ನಿಮಿಷಕ್ಕೆ ಒಂದು ಚಹಾ ಲೋಟದಷ್ಟು. ಅರ್ಧ ಗಂಟೆಗೆ ಒಂದು ಲೀಟರ್‌ಗಿಂತ ಹೆಚ್ಚು. ಮೇಲಾಗಿ ಸುಮ್ಮನೆ ಓಡಿದರೆ ಹೊಗೆ ಫಿಲ್ಟರ್‌ನಲ್ಲಿ ಮಸಿ ಕಟ್ಟುತ್ತದೆ. ಆದರೆ ಬೇಸಿಗೆಯ ಮಧ್ಯಾಹ್ನ ಏಸಿಗಾಗಿ ಇಂಜಿನ್ ಓಡಿಸುವುದು ಬೇರೆ ವಿಷಯ. ಅದು ಟರ್ಬೋಗಲ್ಲ, ನಿಮ್ಮ ಜೀವಕ್ಕೆ. ಟ್ರ್ಯಾಕಿಂಗ್ ರಿಪೋರ್ಟ್‌ಗೆ ಹೆದರಿ 45 ಡಿಗ್ರಿ ಬಿಸಿಲಲ್ಲಿ ಮುಚ್ಚಿದ ಕ್ಯಾಬಿನ್‌ನಲ್ಲಿ ಕೂರಬೇಡಿ, ಸೂಪರ್‌ವೈಸರ್‌ಗೆ ಮೊದಲೇ ಕಾರಣ ತಿಳಿಸಿ.

ನೆನಪಿಡಬೇಕಾದ್ದು

• ನಿಲ್ಲುವ ಜಾಗ ಗೊತ್ತಿದ್ದರೆ ಕೊನೆಯ ಎರಡು ಮೂರು ಕಿಲೋಮೀಟರ್ ಆಕ್ಸಲರೇಟರ್ ಹಗುರ ಮಾಡಿ. ತಣಿಯುವ ಕೆಲಸ ರಸ್ತೆಯಲ್ಲೇ ಮುಗಿಯುತ್ತದೆ.
• ಆಫ್ ಮಾಡುವ ಮೊದಲು ಆಕ್ಸಲರೇಟರ್ ಒತ್ತಿ ಗುರ್ ಅನ್ನಿಸಬೇಡಿ. ಆಯಿಲ್ ನಿಂತರೂ ಟರ್ಬೋ ಜೋರಾಗಿ ತಿರುಗುತ್ತಲೇ ಇರುತ್ತದೆ.
• ಹೊಗೆ ಫಿಲ್ಟರ್ ಮಸಿ ಸುಡುವ ರೀಜನರೇಷನ್ ನಡೆಯುತ್ತಿದ್ದರೆ, ತುರ್ತು ಇಲ್ಲದಿದ್ದರೆ, ಮುಗಿಯಲು ಬಿಡಿ. ಆಗ ಹೊಗೆ ಕೊಳವೆ ತುಂಬ ಬಿಸಿ, ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ.
• ಆ್ಯಡ್‌ಬ್ಲೂ ಇರುವ ಗಾಡಿಯಲ್ಲಿ ಇಂಜಿನ್ ನಿಂತ ಮೇಲೂ ಅದರ ಪಂಪ್ ಸ್ವಲ್ಪ ಹೊತ್ತು ಓಡುತ್ತದೆ. ಬ್ಯಾಟರಿ ಮೇನ್ ಸ್ವಿಚ್ ಕೂಡಲೇ ತೆಗೆಯಬೇಡಿ.
• ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ. ಆಯಿಲ್ ಟರ್ಬೋಗೆ ತಲುಪಲಿ.
• ಆಯಿಲ್ ಪ್ರೆಶರ್ ದೀಪ ಹತ್ತಿದರೆ ತಣಿಸುವ ಮಾತೇ ಇಲ್ಲ, ಸುರಕ್ಷಿತ ಜಾಗದಲ್ಲಿ ಕೂಡಲೇ ಆಫ್ ಮಾಡಿ.

ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ನಿಮಿಷ ಅಂತ ಬರೆದಿದೆಯೋ ಅದೇ ಕೊನೆಯ ಮಾತು. ಆ ಪುಟದ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ನಾಳೆ ಯಾರಾದರೂ "ಯಾಕೆ ಮೂರು ನಿಮಿಷ ಓಡಿಸಿದೆ" ಅಂತ ಕೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.